ಹಳದಿ ಗಾಜಿನಲ್ಲಿ ಕಂಡ ನದಿ

ಮೀನು ಹಿಡಿಯುವವನು ನನ್ನ ಗಂಡ ಆಥಲ್, ತೋರಿಸುವವಳು ನಾನು. ಮದುವೆಯಾದಾಗಿನಿಂದ ನಮ್ಮಲ್ಲಿ ಇದೇ ಪದ್ಧತಿ. ನಾನು ಎತ್ತರದ ದಂಡೆಯ ಮೇಲೆ ನಿಂತು ನೀರೊಳಗಿನ ಟ್ರೌಟ್ ಮೀನು ಹುಡುಕುತ್ತೇನೆ. ಅವನು ಕೆಳಗೆ ನೀರಿನಲ್ಲಿ ನಿಂತು, ನನ್ನ ಕೈ ಹೇಳಿದಲ್ಲಿಗೆ ಗಾಳ ಬೀಸುತ್ತಾನೆ. ನದಿಯ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಹಾಗಾಗಿ ಎಲ್ಲವೂ ಸನ್ನೆಯಲ್ಲೇ. ಕೈ ಯಾವ ಕಡೆ ಚಾಚಿದರೆ ಮೀನು ಆ ಕಡೆ. ಎರಡೂ ಕೈ ಮೇಲೆತ್ತಿದರೆ, ಮೀನು ನಿನ್ನತ್ತಲೇ ಬರುತ್ತಿದೆ, ಅಲ್ಲಾಡಬೇಡ. ಟೋಪಿ ಬೀಸಿದರೆ, ಗಾಳದ ಹುಳು ಮೀನಿಗೆ ಹಿಡಿಸಿಲ್ಲ, ಬದಲಾಯಿಸು. ಹುಳುವೆಂದರೆ ಜೀವವಿರುವ ಹುಳುವಲ್ಲ. ಚಳಿಗಾಲವಿಡೀ ಅವನು ಅಡುಗೆಮನೆಯ ಮೇಜಿನ ಮೇಲೆ ಗರಿ ಸುತ್ತಿ ಕಟ್ಟುವಂಥದು. ಗರಿಯ ಚೂರು ನನ್ನ ಬೆಣ್ಣೆಯಲ್ಲೂ ಸಿಗುತ್ತದೆ.

ಈ ವರ್ಷ ಮೀನು ಹಿಡಿಯುವ ಋತು ಶುರುವಾಗುವ ಮೊದಲು ಲಮ್ಸ್‌ಡೆನ್ ಪೇಟೆಯಲ್ಲಿ ಮರ್ವ್ ನಡೆಸುವ ಗಾಳದ ಸಾಮಾನಿನ ಅಂಗಡಿಗೆ ಹೋದೆವು. ಆಥಲ್‌ನ ಹಳೆಯ ಕನ್ನಡಕದ ಮೇಲೆ ಮನೆಯ ನಾಯಿ ಮಲಗಿ ಅದು ಮುರಿದಿತ್ತು. ಪೋಲರೈಸ್ಡ್ ಕನ್ನಡಕವಿಲ್ಲದೆ ನಮ್ಮ ನದಿಗೆ ಹೋಗುವುದೂ ಒಂದೇ, ಕಣ್ಣು ಮುಚ್ಚಿಕೊಂಡು ಹೋಗುವುದೂ ಒಂದೇ. ನೀರಿನ ಮೇಲೆ ಆಕಾಶದ ಹೊಳಪು ಕೂತಿರುತ್ತದೆ. ಆ ಹೊಳಪನ್ನು ಕನ್ನಡಕ ಅಳಿಸಿದರೆ ಮಾತ್ರ ಕೆಳಗಿನ ಮೀನು ಕಾಣುವುದು.

ಆಥಲ್ ಒಂದೊಂದು ಕನ್ನಡಕವನ್ನೇ ಹಾಕಿಕೊಂಡು, ಬಾಗಿಲಿಗೆ ಹೋಗಿ, ಹೊರಗೆ ನಿಂತ ಕಾರಿನ ಗಾಜಿನ ಹೊಳಪು ಹೋಗುತ್ತದೆಯೇ ಎಂದು ಕತ್ತು ವಾಲಿಸಿ ನೋಡಿದ. ಹಳದಿ ಗಾಜಿನದು ಬಂದಾಗ ಮಗುವಿನ ಹಾಗೆ ಕುಣಿದ.

"ಲೇ ನೊಯೆಲೀನ್, ಇದನ್ನ ಹಾಕಿ ನೋಡೇ! ಮೋಡದ ದಿನಾನೂ ಬಿಸಿಲು ಬಂದಂಗೆ ಕಾಣುತ್ತೆ!"

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ," ಎಂದೆ.

ಮರ್ವ್ ನಗಲಿಲ್ಲ. "ಮೀನು ಚೆನ್ನಾಗಿ ಕಾಣುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಇದರಲ್ಲಿ ಬಣ್ಣ ನಂಬಬೇಡಪ್ಪ. ತಿಳಿನೀರೂ ಹೊಂಬಣ್ಣ, ಕೆಸರುನೀರೂ ಹೊಂಬಣ್ಣ. ನೀರಿಗಿಳಿಯೋಕೆ ಮುಂಚೆ ಒಂದು ಸಲ ತೆಗೆದು ನೋಡು. ಇಳಿದ ಮೇಲೂ ಆಗಾಗ ನೋಡ್ತಿರು."

"ಬೂದು ಗಾಜು ತಗೋ," ಎಂದೆ ನಾನು. ನನ್ನದು ಬೂದು. ಅದು ಬಣ್ಣ ಕೆಡಿಸುವುದಿಲ್ಲ.

"ಅದನ್ನ ಹಾಕ್ಕೊಂಡ್ರೆ ಹಗಲಲ್ಲೂ ಸಾವಿನ ಮನೆಗೆ ಹೋದಂಗಿರುತ್ತೆ. ನೀನೇ ಇಟ್ಕೋ."

ಹಿಡಿದ ಮೊಲಕ್ಕೆ ಮೂರೇ ಕಾಲು. ಹಳದಿಯದೇ ಬಂತು, ಕೊರಳಿಗೆ ಹಾಕುವ ದಾರದ ಸಮೇತ. ಅವತ್ತಿನಿಂದ ಮಲಗುವಾಗ ಬಿಟ್ಟರೆ ಅದನ್ನು ಕಣ್ಣಿನಿಂದ ಇಳಿಸಲಿಲ್ಲ. ಹಣೆಗೇರಿಸುತ್ತಿದ್ದುದು ನನ್ನೊಂದಿಗೆ ಜಗಳವಾಡುವಾಗ ಮಾತ್ರ. ಕಣ್ಣಿಗೆ ಕಣ್ಣು ಕೊಡದೆ ಹೆಂಡತಿಯನ್ನು ಬೈದರೆ ಬೈದ ಹಾಗಾಗುವುದಿಲ್ಲ ಎಂಬುದು ಅವನ ಶಾಸ್ತ್ರ.

ಋತು ಶುರುವಾದ ಮೇಲೆ ಒಂದು ದಿನ ನದಿಗೆ ಹೊರಟಾಗ ವಾಯುವ್ಯದ ಬಿಸಿಗಾಳಿ ಬೀಸುತ್ತಿತ್ತು. ಆ ಗಾಳಿಯನ್ನು ಕಂಡರೆ ನನಗಾಗುವುದಿಲ್ಲ. ನಮ್ಮ ಕಣಿವೆಯಲ್ಲಿ ಒಂದು ಹನಿಯೂ ಬೀಳದೆ ಬಟ್ಟೆ ಗರಿಗರಿಯಾಗಿ ಒಣಗುತ್ತಿರುತ್ತದೆ. ಅದೇ ಹೊತ್ತಿಗೆ ಮೇಲೆ, ಬೆಟ್ಟಗಳ ಬೆನ್ನ ಹಿಂದೆ, ಮಳೆ ಜಡಿಯುತ್ತಿರುತ್ತದೆ. ನದಿ ಏರಬಹುದು ಎಂದು ಮನೆ ಬಿಡುವಾಗಲೇ ಹೇಳಿದೆ. "ಸಂಜೆವರೆಗೂ ಏನೂ ಆಗಲ್ಲ ಕಣೇ," ಎಂದ.

ಸಾಮಾನ್ಯವಾಗಿ ನದಿ ದಾಟುವಾಗ ಇಬ್ಬರೂ ಜೊತೆಗೇ ದಾಟುತ್ತೇವೆ. ಪಕ್ಕಪಕ್ಕ ನಿಂತು, ಒಬ್ಬರ ಬೆನ್ನಿನ ಹಿಂದಿನಿಂದ ಒಬ್ಬರು ಕೈ ತೂರಿಸಿ, ಬ್ಯಾಗಿನ ಪಟ್ಟಿ ಬಿಗಿಯಾಗಿ ಹಿಡಿದು. ಒಬ್ಬರ ಕಾಲು ಜಾರಿದರೆ ಇನ್ನೊಬ್ಬರು ನೆಟ್ಟಗಿರುತ್ತಾರೆ. ಆದರೆ ಆ ಮಧ್ಯಾಹ್ನ ನಾನು ದಂಡೆಯ ಮೇಲಿಂದ ಕಂಡ ಮೀನು ದೊಡ್ಡದಿತ್ತು, ಮಡುವಿನ ಆಚೆ ಅಂಚಿನಲ್ಲಿತ್ತು. ದೃಷ್ಟಿ ಒಮ್ಮೆ ಬೇರೆಡೆ ಹೋದರೆ ಅದು ಕಳೆದುಹೋಗುತ್ತದೆ. ನಾನು ಅಲ್ಲೇ ನಿಲ್ಲಲೇಬೇಕು. ಆಥಲ್ ಮಡುವಿನ ಕೆಳಗಡೆ ಆಳವಿಲ್ಲದೆ ಹರಿಯುವ ಜಾಗದಲ್ಲಿ ಒಬ್ಬನೇ ದಾಟಿ, ನಡುವಿನ ಕಲ್ಲುದಿಣ್ಣೆಯ ತುದಿಯಲ್ಲಿ ಮೊಣಕಾಲುದ್ದ ನೀರಿಗಿಳಿದ. ದಿಣ್ಣೆಯ ಹಿಂದೆ ಇನ್ನೊಂದು ಸಣ್ಣ ಕವಲು, ಅದರಾಚೆಗೆ ವಿಲೋ ಮರಗಳ ದಡ. ನಮ್ಮಿಬ್ಬರ ನಡುವೆ ಆಳವಾದ ಮಡು.

ಬಲಕ್ಕೆ ಎಂದು ಕೈ ಚಾಚಿದೆ. ಬೀಸಿದ. ಇನ್ನೂ ಬಲಕ್ಕೆ. ಮತ್ತೆ ಬೀಸಿದ.

ಮೊದಲು ಕಂಡದ್ದು ಕಡ್ಡಿಗಳು. ಒಣಕಡ್ಡಿ, ಎಲೆ, ಬೀಚ್ ಮರದ ತೊಗಟೆ ಸಾಲಾಗಿ ತೇಲಿ ಬಂದವು. ಆಮೇಲೆ ನೊರೆ. ಆಮೇಲೆ, ಮೇಲಿನ ತಿರುವಿನಲ್ಲಿ, ಗಾಜಿನಂತಿದ್ದ ನೀರಿಗೆ ಯಾರೋ ಹಾಲು ಹಾಕಿದ ಚಹಾ ಸುರಿದ ಹಾಗೆ ಒಂದು ಬಣ್ಣ ಇಳಿದು ಬಂತು.

ಅವನಿಗೆ ಅದು ಕಾಣುತ್ತಿರಲಿಲ್ಲ. ಬೆಳಗಿನಿಂದ ಅವನ ನದಿ ಅದೇ ಬಣ್ಣದಲ್ಲಿತ್ತು.

"ಆಥಲ್! ಹೊರಗೆ ಬಾ!" ಎಂದು ಕಿರುಚಿದೆ. ನದಿ ನನ್ನ ಮಾತನ್ನು ಬಾಯಿಂದಲೇ ಕಿತ್ತುಕೊಂಡಿತು. ಕಂಗಾಲಾಗಿ ಎರಡೂ ಕೈ ಮೇಲೆತ್ತಿ ಆಡಿಸಿದೆ.

ಅವನು ಕಲ್ಲಾಗಿ ನಿಂತ.

ಅಯ್ಯೋ ದೇವರೇ, ನಾನೇ ಅವನಿಗೆ ಅಲ್ಲಾಡಬೇಡ ಎಂದಿದ್ದೆ. ಮೀನು ನಿನ್ನ ಕಾಲ ಬಳಿಗೇ ಬರುತ್ತಿದೆ ಎಂದಿದ್ದೆ. ಮೊಣಕಾಲಿನಲ್ಲಿದ್ದ ನೀರು ತೊಡೆಗೆ ಏರುತ್ತಿತ್ತು, ಮೀನಿನ ಧ್ಯಾನದಲ್ಲಿದ್ದವನಿಗೆ ಅದರ ಪರಿವೆಯಿರಲಿಲ್ಲ. ಅವನು ಉಸಿರು ಬಿಗಿಹಿಡಿದು, ಒಳ್ಳೆಯ ಗಂಡನ ಹಾಗೆ ಹೆಂಡತಿಯ ಮಾತು ಪಾಲಿಸುತ್ತಿದ್ದ. ಬಾಳಿನಲ್ಲಿ ಬೇರೆಲ್ಲೂ ಪಾಲಿಸದವನು, ಅಲ್ಲಿ ಪಾಲಿಸಿದ.

ದಡದ ಕಡೆಗೆ ಕೈ ತೋರಿಸಿದೆ. ಮೀನು ಆ ಕಡೆ ಹೋಯಿತೆಂದು ಆ ಕಡೆ ಬೀಸಿದ. ಟೋಪಿ ಕಿತ್ತು ಹುಚ್ಚಿಯ ಹಾಗೆ ಬೀಸಿದೆ. ಅವನು ತಲೆಯಾಡಿಸಿ, ಗಾಳದ ದಾರವನ್ನು ಕೈಗೆಳೆದುಕೊಂಡು, ತಲೆ ಬಗ್ಗಿಸಿ, ನಿಧಾನವಾಗಿ ಹೊಸ ಹುಳು ಕಟ್ಟತೊಡಗಿದ. ಸೊಂಟದ ಬೆಲ್ಟಿಗೆ ನೀರು ಮುಟ್ಟುತ್ತಿತ್ತು. ಅವನ ಹಿಂದೆ ಕಲ್ಲುದಿಣ್ಣೆ ಒಂದು ಬದಿಯಿಂದ ಕರಗುತ್ತಿತ್ತು.

ಇಷ್ಟು ವರ್ಷಗಳಲ್ಲಿ ನಾವು ಮೀನಿಗೆ ಎಷ್ಟೆಲ್ಲ ಸನ್ನೆ ಮಾಡಿಕೊಂಡಿದ್ದೆವು! ಅಪಾಯಕ್ಕೆ ಒಂದೂ ಇರಲಿಲ್ಲ. ನಾನು ಕೈ ಹೇಗೆ ಆಡಿಸಿದರೂ ಅವನಿಗೆ ಅದು ಮೀನೇ. ಅವನು ನನ್ನ ಕಣ್ಣೆದುರೇ ನನ್ನನ್ನು ನಂಬಿಕೊಂಡು ಮುಳುಗುತ್ತಾನೆ ಅನ್ನಿಸಿತು. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಆಗ ಬಗ್ಗಿ ಒಂದು ಕಲ್ಲು ಹೆಕ್ಕಿದೆ.

ತೋರಿಸುವವಳು ಎಂದೂ ಮಾಡಬಾರದ ಕೆಲಸ ಅದು. ದಂಡೆಯ ಮೇಲೆ ಜೋರಾಗಿ ಕಾಲಿಟ್ಟರೂ ಆಥಲ್ ಮೂರು ದಿನ ಮಾತು ಬಿಡುತ್ತಾನೆ. ಮೊದಲ ಕಲ್ಲು ಹತ್ತಿರದಲ್ಲೇ ಬಿತ್ತು. ಎರಡನೆಯದನ್ನು ಎರಡೂ ಕೈಯಲ್ಲಿ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎಸೆದೆ. ಆ ದೊಡ್ಡ ಮೀನಿನ ನೆತ್ತಿಯ ಮೇಲೇ ಧಡಾರನೆ ಬಿತ್ತು. ಕಪ್ಪು ಬೆನ್ನೊಂದು ನೀರಿನ ಮೇಲೆದ್ದು ಅವನ ಪಕ್ಕದಲ್ಲೇ ಬಾಣದ ಹಾಗೆ ಹಾದುಹೋಯಿತು.

ಅವನು ತಲೆಯೆತ್ತಿದ. ದಂಡೆಯ ಮೇಲಿಂದಲೇ ಅವನ ಮುಖ ಕೆಂಪಾದದ್ದು ಕಂಡಿತು. ಕೈ ಮೇಲೆ ಹೋಯಿತು, ಹಳದಿ ಕನ್ನಡಕ ಹಣೆಗೇರಿತು, ನನ್ನನ್ನು ಬೈಯಲು ಬಾಯಿ ತೆರೆಯಿತು.

ತೆರೆದದ್ದು ತೆರೆದೇ ಉಳಿಯಿತು. ಅವನು ನೀರನ್ನು ನೋಡಿದ್ದ.

ದಿಣ್ಣೆಯ ಉಳಿದ ತುಂಡನ್ನು ಹತ್ತಿ ಓಡಿದ, ಹಿಂದಿನ ಕವಲಿಗೆ ಇಳಿದ, ಅದೂ ಎದೆಮಟ್ಟ ಏರಿತ್ತು. ಕಾಲು ತಪ್ಪಿತು. ಅವನ ಟೋಪಿ ಒಂದೇ ತೇಲಿ ಹೋಗುವುದು ಕಂಡಿತು. ಬಹಳ ಕೆಳಗೆ, ಒಂದು ಬಾಗಿದ ವಿಲೋ ಕೊಂಬೆಯಲ್ಲಿ ಏನೋ ತೊಡರಿ ನಿಂತಿತು. ಅದು ಕಸವೋ ಮನುಷ್ಯನೋ ತಿಳಿಯಲಿಲ್ಲ. ಆಮೇಲೆ ಅದು ಮಂಡಿಯೂರಿ ದಡ ಹತ್ತಿತು.

ತೂಗುಸೇತುವೆ ಇನ್ನೂ ಕೆಳಗಿತ್ತು. ಅವನು ಆ ದಡದಲ್ಲಿ, ನಾನು ಈ ದಡದಲ್ಲಿ, ನಡುವೆ ಬುಡಸಮೇತ ಮರಗಳನ್ನು ಹೊತ್ತು ಸಾಗುವ ನದಿ. ಮುಳ್ಳುಪೊದೆಗಳಲ್ಲಿ ನುಗ್ಗಿ ಓಡಿದೆ. ಕೈಯೆಲ್ಲ ತರಚಿದ್ದು ಆಮೇಲೆ ಗೊತ್ತಾಯಿತು. ಮರಗಳ ಮರೆಯಲ್ಲಿ ಅವನು ಕಾಣದಾದಾಗಲೆಲ್ಲ ಮತ್ತೆ ಬಿದ್ದನೆಂದೇ ಅಂದುಕೊಂಡೆ.

ಸೇತುವೆ ದಾಟಿ ಬಂದ. ತುಟಿ ನೀಲಿಯಾಗಿತ್ತು. ಗಾಳ ಇರಲಿಲ್ಲ, ಒಂದು ಬೂಟು ಇರಲಿಲ್ಲ. ಕನ್ನಡಕ ದಾರದಿಂದಾಗಿ ಉಳಿದಿತ್ತು. ಅದನ್ನು ಕಣ್ಣಿಗೆ ಹಾಕಿಕೊಂಡಿದ್ದ.

"ಆರು ಪೌಂಡ್ ಇತ್ತು ಕಣೇ ಆ ಮೀನು," ಎಂದ.

"ಏಳು," ಎಂದೆ.

"ಅದರ ಮೇಲೆ ಕಲ್ಲು ಹಾಕಿದ್ಯಲ್ಲೇ, ರಾಕ್ಷಸಿ."

"ಬೈಯೋದಾದ್ರೆ ಕನ್ನಡಕ ಮೇಲೇರಿಸಿ ಬೈಯಿ."

ಏರಿಸಲಿಲ್ಲ. ನಾನೇ ಕೈ ಹಾಕಿ ಏರಿಸಿದೆ. ಅದರ ಹಿಂದೆ ಅವನ ಕಣ್ಣು ತುಂಬಿತ್ತು. ಆ ಮನುಷ್ಯ ಹೆದರಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕಾರು ನಿಂತಲ್ಲಿಗೆ ಜಲ್ಲಿ ರಸ್ತೆ. ಒಣರಸ್ತೆ, ಗಾಳಿಗೆ ಧೂಳೇಳುತ್ತಿತ್ತು. ಆಥಲ್ ನನ್ನ ಪಕ್ಕಕ್ಕೆ ಬಂದು, ಬೆನ್ನ ಹಿಂದಿನಿಂದ ಕೈ ತೂರಿಸಿ, ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡ. ನಾನೂ ಅವನದನ್ನು ಹಿಡಿದೆ. ಕಾರು ಸಿಗುವವರೆಗೂ ಇಬ್ಬರೂ ಬಿಡಲಿಲ್ಲ.