ಇದ್ದಿಲು ಕೋಣೆಯ ಚಿಲಕ

೧೯೫೮ರಲ್ಲಿ ಭದ್ರಾವತಿಯ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಹೊರದೇಶವೊಂದರ ನೆರವಿನಿಂದ ಕಟ್ಟಡ ಮಂಜೂರಾಯಿತು. ಹಣದ ಜೊತೆಗೆ ನಕ್ಷೆಯೂ ಅಲ್ಲಿಂದಲೇ ಬಂತು. ಹಿಮ ಬೀಳುವ ಊರಿನ ನಕ್ಷೆ. ತರಗತಿಗೊಂದು ಒಲೆ, ಅದರ ಮೇಲೆ ಚಿಮಣಿ, ಹಿಂದುಗಡೆ ಇದ್ದಿಲು ತುಂಬಿಡಲು ಒಂದು ಕೋಣೆ. ಮರುವರ್ಷ ಗೋಡೆಗಳು ಏಳುತ್ತಿದ್ದಾಗ, ಏಪ್ರಿಲ್ ಸೆಖೆಯಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಅದನ್ನು ಮೊದಲ ಸಲ ನೋಡಿದೆ. ಹೆಡ್‌ಮಿಸ್ಟ್ರೆಸ್ ಆದ ನನ್ನನ್ನು ಅದುವರೆಗೆ ಯಾರೂ ಏನೂ ಕೇಳಿರಲಿಲ್ಲ.

ನಕ್ಷೆಯಲ್ಲಿ ಕಕ್ಕಸುಗಳೂ ಇದ್ದವು. ಶಿವಮೊಗ್ಗದ ಎಂಜಿನಿಯರ್ ಷಡಕ್ಷರಪ್ಪನವರು ಅವನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದ್ದರು.

"ನಲ್ಲಿ ನೀರಿಲ್ಲವಲ್ಲಮ್ಮ, ಅದಕ್ಕೇ ತೆಗೆದ್ವಿ."

"ಚಳಿಯೂ ಇಲ್ಲವಲ್ಲ ಸಾರ್. ಒಲೆ ತೆಗೀಬಹುದಿತ್ತು."

"ಚಿಮಣಿ ಫೋಟೋದಲ್ಲಿ ಕಾಣುತ್ತೆ. ಕಕ್ಕಸು ಯಾರಿಗೆ ಕಾಣಬೇಕು?" ಎಂದರು. ನಾಚಿಕೆಯ ಸುಳಿವೂ ಇಲ್ಲ.

ನನ್ನ ಚಿಂತೆ ಹೂವಮ್ಮನದು. ಆರನೇ ತರಗತಿಯ ಹುಡುಗಿ, ಗಣಿತದಲ್ಲಿ ನನ್ನನ್ನೇ ತಿದ್ದುವಷ್ಟು ಚುರುಕು. ಅವಳ ಅಪ್ಪ ಉಜ್ಜನಪ್ಪ ಕಬ್ಬಿಣದ ಕಾರ್ಖಾನೆಯವನು. ಅದೇ ವಾರ ಬಂದು ಹೇಳಿಬಿಟ್ಟಿದ್ದ: "ಮಗಳು ದೊಡ್ಡೋಳಾಗ್ತಾ ಇದಾಳೆ ಟೀಚರಮ್ಮ. ಬೇಲಿ ಮರೆಗೆ ಹೋಗೋ ಸ್ಕೂಲಿಗೆ ಇನ್ನು ಕಳಿಸಲ್ಲ. ಜೂನಿಂದ ಮನೇಲೇ ಇರ್ತಾಳೆ."

ಪಕ್ಕದಲ್ಲಿ ಗೋಡೆ ಏರಿಸುತ್ತಿದ್ದ ಗಾರೆ ಮೇಸ್ತ್ರಿ ಕೆಂಚಪ್ಪ ಇದನ್ನು ಕೇಳಿಸಿಕೊಂಡಿದ್ದ. ಇದ್ದಿಲು ಕೋಣೆಯ ಹಿಂದೆ ಗುಂಡಿ ತೋಡಿಸಿದ. ಒಳಗೆ ಕಾಲಿಡುವ ಕಲ್ಲು ಕೂರಿಸಿ, ಮೂಲೆಯಲ್ಲಿ ನೀರಿನ ತೊಟ್ಟಿ ಕಟ್ಟಿದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಮುಂದೆ ತಪ್ಪು ನನ್ನ ತಲೆಗೆ ಬರುತ್ತಿತ್ತು, ಅಷ್ಟು ಯೋಚಿಸಿದ್ದ.

ಉದ್ಘಾಟನೆಯ ಬೆಳಿಗ್ಗೆ ಷಡಕ್ಷರಪ್ಪನವರು ಟೈ ಕಟ್ಟಿಕೊಂಡು ಬಂದು ಆ ಬಾಗಿಲು ತೆರೆದರು.

"ಏನೋ ಇದು? ಇದ್ದಿಲಿಗೆ ಒಳಗಡೆಯಿಂದ ಚಿಲಕ ಯಾಕೋ?"

"ಇದ್ದಿಲಿಗೂ ಮಾನ ಇರುತ್ತಲ್ಲ ಸ್ವಾಮಿ," ಎಂದ ಕೆಂಚಪ್ಪ.

"ಈಗಲೇ ಕಿತ್ತುಹಾಕು!"

"ಕೀಳಿಸಿ ಸಾರ್," ಎಂದೆ ನಾನು. "ಕಕ್ಕಸು ಹೊಡೆದುಹಾಕಿದ್ದು ಯಾರು ಅಂತ ಅತಿಥಿಗಳಿಗೆ ನಾನೇ ಇಂಗ್ಲಿಷಿನಲ್ಲಿ ಹೇಳ್ತೀನಿ."

ಅಷ್ಟರಲ್ಲಿ ಕಾರಿನ ಹಾರ್ನ್ ಕೇಳಿಸಿತು. ಷಡಕ್ಷರಪ್ಪನವರು ಬಾಗಿಲು ಎಳೆದು ಮುಚ್ಚಿದರು.

ಕಾರಿನಿಂದ ಇಳಿದ ಹೊರದೇಶದ ತಜ್ಞರೊಬ್ಬರು ಚಿಮಣಿಗಳನ್ನು ಕಂಡು ತವರಿಗೆ ಬಂದಂತೆ ಹಿಗ್ಗಿದರು. ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು; ಆಗಲೂ ಒಲೆ ಯಾಕೆಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಇದ್ದಿಲು ಸಾಕಷ್ಟಿದೆಯೇ ಎಂದು ಮಾತ್ರ ಕೇಳಿದರು. "ತುಂಬಿದೆ ಸರ್," ಎಂದರು ಷಡಕ್ಷರಪ್ಪನವರು. ತಜ್ಞರು ಮುಚ್ಚಿದ ಬಾಗಿಲನ್ನು ನೋಡಿಯೇ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಒಬ್ಬ ಸುಳ್ಳುಗಾರ, ಒಬ್ಬ ದಡ್ಡ. ಇಬ್ಬರ ಕೊರಳಿಗೂ ಹಾರ ಹಾಕಿದವಳು ನಾನು.

ಇದ್ದಿಲು ಕೋಣೆಯ ಗುಟ್ಟನ್ನು ಉಜ್ಜನಪ್ಪನಿಗೆ ನಾನೇ ಹೇಳಿಕಳಿಸಿದ್ದೆ. ಜೂನಿನ ಮೊದಲ ದಿನ ಅವನು ಮಗಳನ್ನು ಕರೆದುಕೊಂಡು ನೇರ ಅಲ್ಲಿಗೇ ಹೋದ. "ಒಳಗೆ ಹೋಗಿ ಚಿಲಕ ಹಾಕ್ಕೊ ಮಗಾ," ಎಂದ. ಆಮೇಲೆ ಭುಜ ಕೊಟ್ಟು ಎರಡು ಸಲ ನೂಕಿದ. ಬಾಗಿಲು ಅಲುಗಲಿಲ್ಲ.

"ಸರಿ, ಕ್ಲಾಸಿಗೆ ಹೋಗು," ಎಂದು ಹೇಳಿ ಕಾರ್ಖಾನೆಯ ಕಡೆಗೆ ಸೈಕಲ್ ಹತ್ತಿದ.