ಗಾಡಿಯ ಮೇಲಿನ ಕೈ

ಟಾಲ್ಬರ್ಟ್ ಊರಿನ ಪಾರ್ಕಿಗೆ ಕರಿಯರು ಕಾಲಿಡುವಂತಿರಲಿಲ್ಲ. ಆದರೆ ಬಿಳಿಯ ಮಗುವಿನ ತಳ್ಳುಗಾಡಿಯ ಮೇಲೆ ಕೈಯಿಟ್ಟುಕೊಂಡು ಬಂದ ಆಯಾ ಯಾರ ಕಣ್ಣಿಗೂ ಚುಚ್ಚುತ್ತಿರಲಿಲ್ಲ. ಎಂಥ ನ್ಯಾಯ ನೋಡಿ! ಕೈ ಗಾಡಿಯ ಮೇಲಿದ್ದರೆ ಆಯಾ, ಕೈ ಬಿಟ್ಟರೆ ಅಪರಾಧಿ. ಕಂಡವರ ಮಕ್ಕಳನ್ನು ತಳ್ಳಿ ತಳ್ಳಿಯೇ ಬದುಕು ಸವೆಸಿದ ವರ್ಲೀನಳಿಗೆ ಈ ಕೈಯ ಮಹಿಮೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಅವಳ ತಾಯಿ ಜ್ವರ ಬಂದು ಮಲಗಿದ್ದರಿಂದ ಮೂರು ವರ್ಷದ ಮಗಳು ಲೆಟ್ಟಿಯನ್ನೂ ಕರೆತರಬೇಕಾಯಿತು. ಯಜಮಾನಿ ಮಿಸೆಸ್ ಪ್ರೂಯಿಟ್ ಮೂಗು ಮುರಿದೇ ಒಪ್ಪಿದ್ದರು. ಹುಡುಗಿಯ ಕೈಯೂ ಗಾಡಿ ಬಿಡಕೂಡದು, ಉಯ್ಯಾಲೆಯ ಹತ್ತಿರ ಸುಳಿಯಕೂಡದು ಎಂದಿದ್ದರು. ಲೆಟ್ಟಿ ಕೈ ಬಿಡಲಿಲ್ಲ. ಕಣ್ಣು ಮಾತ್ರ ಉಯ್ಯಾಲೆಯ ಜೊತೆ ಹೋಗಿ ಬರುತ್ತಿತ್ತು. ಕಣ್ಣಿಗೇನು ಬೇಲಿ ಹಾಕುತ್ತೀರಿ?

ಪಾರ್ಕು ಎಲ್ಲರದ್ದೂ ಎಂದು ಕೋರ್ಟು ತೀರ್ಪು ಕೊಟ್ಟು ಒಂದು ವಾರವಾಗಿರಲಿಲ್ಲ. ಊರು ಬೂದಿ ಮುಚ್ಚಿದ ಕೆಂಡದಂತಿತ್ತು. ಕರಿಯ ಕಾಲೇಜು ಹುಡುಗರು ಮಧ್ಯಾಹ್ನ ಬಂದು ಬೆಂಚುಗಳ ಮೇಲೆ ಕೂರುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ನೋಡನೋಡುತ್ತ ದೊಡ್ಡ ಗೇಟಿನಲ್ಲಿ ಗಂಡಸರು ಕೊಡಲಿ ಕಾವು ಹಿಡಿದು ಜಮಾಯಿಸಿದರು.

ಅಷ್ಟರಲ್ಲಿ ಹಿಂದಿನ ಚಿಕ್ಕ ಗೇಟಿನಿಂದ ಮಿಸೆಸ್ ಪ್ರೂಯಿಟ್ ಓಡಿಬಂದರು. ಗಾಡಿಯಿಂದ ತಮ್ಮ ಗಂಡುಮಗುವನ್ನು ಎತ್ತಿ ಎದೆಗವಚಿಕೊಂಡರು.

"ಇಲ್ಲಿ ಗಲಾಟೆ ಆಗುತ್ತೆ. ಗಾಡಿ ಕಾರಲ್ಲಿ ಹಿಡಿಸಲ್ಲ, ನೀನು ತಳ್ಕೊಂಡು ಬಾ. ಗೀರು ಬೀಳದ ಹಾಗೆ ನೋಡ್ಕೋ."

ಗಾಡಿ ಹಿಡಿಸುತ್ತಿರಲಿಲ್ಲ, ನಿಜ. ಇವರಿಬ್ಬರು ಹಿಡಿಸುತ್ತಿರಲಿಲ್ಲವೇ? ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು. ಕಾರು ಹೊರಟಿತು, ಕಾವಲುಗಾರ ಚಿಕ್ಕ ಗೇಟಿಗೆ ಬೀಗ ಜಡಿದ.

ವರ್ಲೀನಳಿಗೆ ಇನ್ನು ಉಳಿದದ್ದು ಆ ಗಂಡಸರು ನಿಂತಿದ್ದ ದೊಡ್ಡ ಗೇಟೊಂದೇ. ಖಾಲಿ ಗಾಡಿ ತಳ್ಳುವವಳು ಆಯಾ ಅಲ್ಲ, ಬರೀ ಕರಿಯ ಹೆಂಗಸು. ಪಕ್ಕದಲ್ಲಿ ಕರಿಯ ಮಗು ಬೇರೆ. ಯಾರಾದರೂ ಸಿಗಲೆಂದೇ ಅವರು ಕಾಯುತ್ತಿದ್ದಾರೆ. ತನಗೆ ಏನಾದರೂ ಆಗಲಿ, ಮಗಳ ಮೈಗೆ ಏಟು ಬೀಳಬಾರದು.

ಲೆಟ್ಟಿಯನ್ನೆತ್ತಿ ಗಾಡಿಯಲ್ಲಿ ಮುದುರಿ ಮಲಗಿಸಿ, ಹೊದಿಕೆ ಹೊದಿಸಿ, ಮೇಲಿನ ಕೊಡೆ ಎಳೆದು, ಸೊಳ್ಳೆಪರದೆ ಇಳಿಬಿಟ್ಟಳು.

"ನೀನೀಗ ಪುಟ್ಟ ಧಣಿ, ಚಿನ್ನಾ. ಪುಟ್ಟ ಧಣಿ ನಿದ್ದೆ ಮಾಡ್ತಿದಾರೆ. ನಾನು ಹೇಳೋವರೆಗೂ ಏಳಬೇಡ."

ಗೇಟಿನಲ್ಲಿ ಕೆಂಪು ಕತ್ತಿನವನೊಬ್ಬ ಅಡ್ಡ ನಿಂತ. "ಯಾರ ಮಗುನೇ ಇದು?"

ಪ್ರೂಯಿಟ್ ಸಾಹೇಬರದು, ಈಗಷ್ಟೇ ನಿದ್ದೆ ಹತ್ತಿದೆ ಎಂದಳು. ಅವನ ಬೆರಳು ಪರದೆಯ ಅಂಚನ್ನು ಹಿಡಿಯಿತು. ವರ್ಲೀನ್ ಗಾಡಿಯ ಮೇಲಿನ ಕೈ ತೆಗೆಯಲಿಲ್ಲ.

"ಪುಟ್ಟ ಧಣಿ ಎದ್ರೆ ಊರು ಒಂದು ಮಾಡ್ತಾರೆ. ಆಮೇಲೆ ಅಮ್ಮಾವ್ರಿಗೆ ನೀವೇ ಜವಾಬು ಹೇಳ್ಬೇಕು."

ಯಾರೋ ನಕ್ಕರು. ಅವನು ಬೆರಳು ಬಿಟ್ಟು ಹಿಂದಕ್ಕೆ ತಿರುಗಿ ಗದರಿದ.

"ಸದ್ದು ಮಾಡಬೇಡ್ರೋ, ಮಗು ಮಲಗಿದೆ. ದಾರಿ ಬಿಡಿ."

ಕೊಡಲಿ ಕಾವುಗಳು ಬೆನ್ನ ಹಿಂದೆ ಸರಿದವು. ಒಬ್ಬ ಮುದುಕ ಟೋಪಿ ತೆಗೆದ. ಇಬ್ಬರು ಗಾಡಿಯನ್ನೆತ್ತಿ ಹೊಸ್ತಿಲು ದಾಟಿಸಿದರು. ಕಳ್ಳ ಒಳ್ಳೇ ಭಾರ ಇದ್ದಾನೆ ಎಂದು ಮೆಚ್ಚಿಕೊಂಡರು.

ಪ್ರೂಯಿಟ್ ಮನೆಯ ಹಿತ್ತಿಲು ಸೇರಿದ ಮೇಲೆಯೇ ವರ್ಲೀನ್ ಮಗಳನ್ನೆತ್ತಿ ಹೆಗಲಿಗೆ ಹಾಕಿಕೊಂಡದ್ದು. ಮಿಸೆಸ್ ಪ್ರೂಯಿಟ್ ಹೊರಗೆ ಬಂದು ಮೊದಲು ಗಾಡಿಯ ಬಣ್ಣದ ಮೇಲೆ ಕೈಯಾಡಿಸಿದರು. ಗೀರು ಬಿದ್ದಿರಲಿಲ್ಲ. ಆಮೇಲೆ ಕೈ ಹಾಸಿಗೆಗೆ ತಾಗಿತು. ಒದ್ದೆಯಾಗಿತ್ತು.

"ಯಾರು ಮಲಗಿದ್ರು ಇದರಲ್ಲಿ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಬೆಳಿಗ್ಗೆ ನಿಮ್ಮ ಮಗುವೇ ಮಾಡಿದ್ದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಗೀರು ಹುಡುಕಿದ ಆ ಬೆರಳುಗಳನ್ನು ಕಂಡ ಮೇಲೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ನನ್ನ ಮಗಳಮ್ಮಾ. ಗೇಟಲ್ಲಿ ಅವರೇ ಎತ್ತಿ ದಾಟಿಸಿದ್ರು. ಟೋಪಿನೂ ತೆಗೆದ್ರು."

ಮಿಸೆಸ್ ಪ್ರೂಯಿಟ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಟೆಲಿಫೋನಿನ ಚಕ್ರ ತಿರುಗುವ ಸದ್ದು ಕೇಳಿಸಿತು.

ವರ್ಲೀನ್ ದುಡುದುಡು ಬೀದಿಗಿಳಿದಳು. ಹೆಗಲ ಮೇಲಿನ ಲೆಟ್ಟಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಏಳ್ಲಾ ಅಮ್ಮಾ?"

"ಇನ್ನೂ ಬೇಡ ಚಿನ್ನಾ," ಎಂದಳು ವರ್ಲೀನ್.