ಬಾಗಿಲಿಲ್ಲದ ಕೋಣೆಯ ಕಂದಾಯ

ನನ್ನ ಸೋದರಳಿಯ ಲೆಕ್ಕಶಾಸ್ತ್ರದ ಪ್ರೊಫೆಸರು. ತೆರಿಗೆಯ ವಿಷಯಕ್ಕೆ ಅವನು ಬಾಯಿ ತೆರೆದರೆ ಮಂತ್ರಿಗಳೂ ಕುರ್ಚಿಯ ತುದಿಗೆ ಬಂದು ಕೂರುತ್ತಾರೆ. ಈ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದವರಿಗೆ ಅವನು ಯಾವುದೋ ವಿಶ್ವವಿದ್ಯಾಲಯದ ಹೆಸರು ಹೇಳುತ್ತಾನೆ. ಶುದ್ಧ ಸುಳ್ಳು. ಬಂದದ್ದು ನಾನು ಮಾಡಿದ ಒಂದು ಬಾಗಿಲಿನಿಂದ.

ನಾನು ಬಡಗಿ. ನನ್ನ ಬಾಗಿಲು ಮುಚ್ಚಿತೆಂದರೆ ಒಳಗಿನ ಗಾಳಿಯೂ ನನ್ನನ್ನು ಕೇಳಿಯೇ ಹೊರಗೆ ಹೋಗಬೇಕು. ಅಕ್ಕ, ಭಾವ ಮನೆ ಕಟ್ಟಿಸಿದಾಗ ಅವರ ಮಲಗುವ ಕೋಣೆಗೆ ಅಂಥದೊಂದು ಮಾಡಿದೆ. ಕೂರಿಸಲು ಭಾವ ಬಿಡಲಿಲ್ಲ. ಮನೆ ಪೂರ್ತಿಯಾದ ದಿನದಿಂದ ಕಂದಾಯ ಎಂಬುದು ನಮ್ಮಲ್ಲಿನ ಕಾನೂನು. ಒಂದು ಬಾಗಿಲು ಬಾಕಿಯಿದ್ದರೂ ಮನೆ ಪೂರ್ತಿಯಲ್ಲ.

“ಮುಂದಿನ ವರ್ಷ ಹಾಕ್ಸೋಣ ಕಣಯ್ಯಾ,” ಅಂದರು.

ಆ ಮುಂದಿನ ವರ್ಷ ಇಪ್ಪತ್ತಾರು ವರ್ಷವಾದರೂ ಬರಲಿಲ್ಲ. ನಡುವೆ ಭಾವ ತೀರಿಕೊಂಡರು. ಕೋಣೆಗೆ ಪರದೆಯೇ ಗತಿಯಾಯಿತು, ಬಾಗಿಲು ನನ್ನ ಅಂಗಡಿಯಲ್ಲಿ ಮೇಜಾಯಿತು.

ಆ ಪರದೆ ನೋಡುತ್ತ ಬೆಳೆದ ಹುಡುಗ ಮುಂದೆ ಅದನ್ನೇ ಸಂಶೋಧನೆಗೆ ಹಿಡಿದ: ಕಂದಾಯ ಉಳಿಸಲು ಜನ ಏನೇನಿಲ್ಲದೆ ಬದುಕುತ್ತಾರೆ? ಆರು ವರ್ಷ, ಮೂರು ಸಾವಿರ ಮನೆ. ಟೇಪು ಹಿಡಿದು ನಾನೂ ಸುತ್ತಿದೆ. ಒಂದು ಕಡೆ ಮಹಡಿ ಮೆಟ್ಟಿಲಿಗೆ ಕಟಕಟೆಯಿಲ್ಲ, ಇನ್ನೊಂದು ಕಡೆ ಬಚ್ಚಲಿಗೆ ಅರ್ಧವೇ ಗೋಡೆ. ವರದಿಯಲ್ಲಿ ಮುನ್ನೂರು ಮನೆ ಎಂದಿದೆ, ನಿಜ. ಆದರೆ ನನ್ನ ಮಂಡಿಯನ್ನು ಕೇಳಿ, ಮೂರು ಸಾವಿರ ಎಂದೇ ಹೇಳುತ್ತದೆ.

ಆ ಕಾನೂನನ್ನೇ ತೆಗೆಯಿರಿ ಎಂದು ವರದಿ ಬರೆದ. ಅದರಲ್ಲಿ ಮೊದಲನೇ ಮನೆ ತನ್ನದೇ. ಅದಕ್ಕೆ ಮನೆಯೊಡತಿಯ ಸಹಿ ಬೇಕು. ಅಕ್ಕ ಮೂರು ದಿನದಿಂದ ಅವನೊಂದಿಗೆ ಮಾತು ಬಿಟ್ಟಿದ್ದಳು. ಸಲ್ಲಿಸುವ ಕಡೆಯ ದಿನ ಮಧ್ಯಾಹ್ನ ಬಾಯಿಬಿಟ್ಟಳು.

“ನಿಮ್ಮಪ್ಪನ್ನ ಕಳ್ಳ ಅಂತ ಅಚ್ಚು ಹಾಕಿಸ್ತೀಯೇನೋ?”

“ನಮ್ಮನೆ ಮುಚ್ಚಿಟ್ಟು ಊರೋರ ಮನೆ ಬರೆದ್ರೆ ನಾನು ಕಳ್ಳ ಆಗ್ತೀನಮ್ಮ. ನೀನು ಸಹಿ ಹಾಕ್ದೆ ಇದ್ರೆ ಇಡೀ ವರದಿ ವಾಪಸ್ ತಗೋತೀನಿ.”

ಅವಳು ಕನ್ನಡಕ ಏರಿಸಿ ಹಾಳೆ ಓದಿದಳು. ಉಳಿಸಿದ ಕಂದಾಯ ಒಂದು ಕಡೆ. ಬಾಗಿಲಿಲ್ಲದೆ ತೆತ್ತ ಪರದೆ ಬಟ್ಟೆ, ಕಳುವಾದ ಗಡಿಯಾರ, ಚಳಿಗಾಲದ ಔಷಧಿ ಇನ್ನೊಂದು ಕಡೆ.

“ಒಂದು ಬಿಟ್ಟಿದೀಯ.”

“ಏನಮ್ಮ?”

“ನಿಮ್ಮಪ್ಪ ಹೋದ ದಿನ ಮನೆ ತುಂಬ ಜನ. ಬಾಗಿಲು ಹಾಕ್ಕೊಂಡು ಅಳೋಣ ಅಂದ್ರೆ ಬಾಗಿಲೇ ಇಲ್ಲ. ಒಬ್ಬೊಬ್ರೇ ಪರದೆ ಸರಿಸಿ, ಲೋಟ ಎಲ್ಲಿದೆ, ಚಾಪೆ ಎಲ್ಲಿದೆ ಅನ್ನೋರು. ಅದಕ್ಕೆಷ್ಟು ಬರ್ಕೊಂಡಿದೀಯ?”

ಪ್ರೊಫೆಸರು ಪೆನ್ನು ಕೆಳಗಿಟ್ಟ.

“ಏಯ್ ಜಂಬದ ಕೋಳಿ,” ಅಕ್ಕ ನನ್ನತ್ತ ತಿರುಗಿದಳು. “ಆ ಬಾಗಿಲು ಇದೆಯೋ, ಮಾರ್ಕೊಂಡ್ಯೋ?”

“ಇದೆ ಅಕ್ಕ.”

“ತಗೊಂಬಾ. ಆಮೇಲೆ ಸಹಿ ಮಾತು.”

ಕಣ್ಣು ಮಿಟುಕಿಸುವುದರೊಳಗೆ ಕೂರಿಸಿದೆ. ಗಡಿಯಾರದ ಪ್ರಕಾರ ಎರಡು ಗಂಟೆ ಹಿಡಿಯಿತು. ಅಕ್ಕ ಒಳಗೆ ಹೋದಳು. ಚಿಲಕ ಬಿತ್ತು.

ನಾಲ್ಕಾಯಿತು. ಐದಕ್ಕೆ ಕಚೇರಿ ಮುಚ್ಚುತ್ತದೆ.

“ತಟ್ಟೋ,” ಅಂದೆ.

“ಬೇಡ ಮಾವ. ಇಷ್ಟು ವರ್ಷದ ಬಾಕಿ ಇದೆ ಅವಳಿಗೆ.”

ನಾಲ್ಕೂವರೆಗೆ ಒಳಗಿನಿಂದ ಮೂಗು ಸೀಟಿದ ಸದ್ದು.

“ಎಲ್ಲೋ ಆ ಕಾಗದ?”

“ಬಾಗಿಲು ತೆಗಿಯಮ್ಮ.”

“ತೆಗಿಯಲ್ಲ. ಕೆಳಗಿಂದ ತಳ್ಳು.”

ನನ್ನ ಬಾಗಿಲಿನ ಕೆಳಗೆ ಇರುವೆಯೂ ನುಸುಳದು. ಆದರೆ ಮೇಜಾಗಿದ್ದಾಗ ಅಂಚಿಗೆ ಗೆದ್ದಲು ಹತ್ತಿ, ಬೆರಳಗಲ ಕೊಯ್ದುಹಾಕಿದ್ದೆ. ಆ ಸಂದಿನಲ್ಲಿ ಹಾಳೆ ಒಳಗೆ ಹೋಯಿತು, ಹಿಂದೆಯೇ ಪೆನ್ನು ಉರುಳಿತು. ಹಾಳೆ ಸಹಿಯೊಂದಿಗೆ ಹೊರಗೆ ಬಂತು. ಸಹಿಯ ಮೇಲೆ ಅಕ್ಕನ ಕೈಯಲ್ಲೇ ಒಂದು ಸಾಲು: ‘ಬಿಟ್ಟದ್ದನ್ನೂ ಸೇರಿಸು.’

ಅಳಿಯ ಅದನ್ನು ಎದೆಗವಚಿಕೊಂಡು ಓಡಿದ. ಈ ದಿನಕ್ಕೆಂದೇ ಆ ಸಂದು ಬಿಟ್ಟಿದ್ದೆ ಎಂದು ಅಕ್ಕನಿಗೆ ಹೇಳೋಣವೆಂದು ನಾನು ದೀಪ ಹಾಕುವ ಹೊತ್ತಿನವರೆಗೂ ಅಲ್ಲೇ ಕೂತೆ. ಅವಳು ಚಿಲಕ ತೆಗೆಯಲಿಲ್ಲ.